ದಾವಣಗೆರೆ–ಹರಿಹರ ಕೆರೆಸೀಮೆಯ ಸೈಕಲ್ ಹಾದಿಗಳು

ದಾವಣಗೆರೆ ನಗರದ ಆಗ್ನೇಯಕ್ಕಿರುವ ಆನಗೋಡಿನಿಂದ ಪಶ್ಚಿಮದಲ್ಲಿ ತುಂಗಭದ್ರಾ ತೀರದ ಹರಿಹರದವರೆಗೆ ಹಬ್ಬಿರುವ ಬಯಲುಸೀಮೆಯು ಕೆರೆ, ನಾಲೆ ಮತ್ತು ಹಳ್ಳಿರಸ್ತೆಗಳ ಹೆಣಿಗೆಯಾಗಿದ್ದು, ಏರಿಳಿತ ಕಡಿಮೆಯಿರುವುದರಿಂದ ಸೈಕಲ್ ಸವಾರಿಗೆ ಒಗ್ಗುವ ಪ್ರದೇಶವಾಗಿದೆ. ಆನಗೋಡು ರಾಷ್ಟ್ರೀಯ ಹೆದ್ದಾರಿ 48ರ ಮೇಲಿದ್ದರೂ ವಾಹನಗಳ ವೇಗ ಮತ್ತು ದಟ್ಟಣೆಯಿಂದಾಗಿ ಹೆದ್ದಾರಿಯ ಮುಖ್ಯ ಪಥ ಸವಾರರಿಗೆ ತಕ್ಕುದಲ್ಲ. ಪಕ್ಕದ ಸರ್ವಿಸ್ ರಸ್ತೆ ಮತ್ತು ಒಳದಾರಿಗಳೇ ಮೇಲು.

ಹಾದಿಯ ಸೊಗಸೆಲ್ಲ ನಗರದ ಪಶ್ಚಿಮಕ್ಕಿದೆ. ಭದ್ರಾ ನಾಲೆಯ ನೀರಿನಿಂದ ತುಂಬಿ ನಗರಕ್ಕೆ ಕುಡಿಯುವ ನೀರೊದಗಿಸುವ ಕುಂದವಾಡ ಕೆರೆ, ಗುಡ್ಡದ ಬುಡದಲ್ಲಿರುವ ಬಾತಿ ಕೆರೆ, ಹಾಗೂ ಉತ್ತರಕ್ಕೆ ತಿರುಗಿದರೆ ಸ್ಕೌಟ್ಸ್ ತರಬೇತಿ ಶಿಬಿರಕ್ಕೆ ಹೆಸರಾದ ಕೊಂಡಜ್ಜಿಯ ಕೆರೆ ಸವಾರರಿಗೆ ಸಿಗುತ್ತವೆ. ನಾಲೆಯ ಆಶ್ರಯವಿರುವ ಅಚ್ಚುಕಟ್ಟಿನಲ್ಲಿ, ಎಂದರೆ ನಾಲೆ ಅಥವಾ ಕೆರೆಯ ನೀರುಣ್ಣುವ ಜಮೀನಿನಲ್ಲಿ, ಭತ್ತ ಮತ್ತು ಅಡಿಕೆ ಕಂಡರೆ, ಆನಗೋಡಿನ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳವೇ ಹೆಚ್ಚು. ಸುಗ್ಗಿಯಲ್ಲಿ ರೈತರು ಕಾಳನ್ನು ರಸ್ತೆಯ ಅರ್ಧಭಾಗಕ್ಕೆ ಹರವಿ ಅಂಚಿಗೆ ಕಲ್ಲಿಡುವುದರಿಂದ, ಅಲ್ಲಿ ಸೈಕಲ್ಲನ್ನು ನಿಧಾನಿಸಿ ರಾಶಿ ತುಳಿಯದೆ ಸಾಗುವುದು ಸವಾರರ ಕರ್ತವ್ಯ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತವು ಹರಿಹರದತ್ತ ಹೋಗುವವರಿಗೆ ಎದುರಾಗಿ, ಮರಳುವಾಗ ಬೆನ್ನಿಗೆ ಬೀಸುತ್ತದೆ. ಏರಿಯ ಮಣ್ಣುದಾರಿ ಮಳೆಯಲ್ಲಿ ಜಾರುವುದರಿಂದ ಸಪೂರ ಟೈರಿನ ರೋಡ್ ಸೈಕಲ್ಲಿಗೆ ಡಾಂಬರು ರಸ್ತೆಯೇ ಕ್ಷೇಮ. ಹರಿಹರದಲ್ಲಿ ಹೊಯ್ಸಳರ ಕಾಲದ, 13ನೆಯ ಶತಮಾನದ ಹರಿಹರೇಶ್ವರ ದೇವಾಲಯದ ಬಳಿ ಹಾದಿ ಕೊನೆಗೊಳ್ಳುತ್ತದೆ.