ಗಡಿ ದಾಟಿದ ರೊಟ್ಟಿಯ ಗಂಟು

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬುತ್ತಿ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಒಣಭೂಮಿಗೆ ಜೋಳವೇ ಜೀವ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಗಂಗಾವತಿಯವರು ಅನ್ನ ಉಣ್ಣುವವರಾದರೂ, ದೂರದ ಪಯಣವೆಂದರೆ ಅವರೂ ರೊಟ್ಟಿಯನ್ನೇ ಕಟ್ಟುತ್ತಾರೆ. ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಆರಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಅಗಸಿ ಹಿಂಡಿ. ಎಲ್ಲವೂ ನೀರು ತಾಗದ ಅಡುಗೆಗಳು. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬಂದು ಬೀಳುವುದನ್ನು ಕಂಡವರಿಗೆ ಈ ಕೈಗಳ ಶಕ್ತಿಯನ್ನು ನಾನು ಬಣ್ಣಿಸಬೇಕಾಗಿಲ್ಲ.

ಇದೇ ರೊಟ್ಟಿ ಸಮುದ್ರ ದಾಟಿ ಸೈನಿಕರ ಕೈ ಸೇರಿದ್ದೂ ಉಂಟು. ಆದರೆ ಆ ಗಂಟಿನ ಚರಿತ್ರೆಯನ್ನು ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದು ಬೇರೆ ಗಂಟುಗಳ ಲೆಕ್ಕ: ರಾಜಕುಮಾರಿಯರು, ದೊರೆಸಾನಿಯರು, ಸಮಿತಿಗಳು ಕಳಿಸಿದ ಉಡುಗೊರೆಗಳು. ಆ ಲೆಕ್ಕವನ್ನೂ ಓದಬೇಕು. ಓದಿದರೇನೇ ನಮ್ಮ ಮನೆಯ ಗಂಟಿನ ಬೆಲೆ ತಿಳಿಯುವುದು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ನಮ್ಮ ನಾಲ್ಕೂ ತಾಲ್ಲೂಕುಗಳು ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಬ್ರಿಟಿಷರ ಪಕ್ಷ ಹಿಡಿದ ನಿಜಾಮರು ತಮ್ಮ ಕುದುರೆ ಪಡೆಯನ್ನು ಹಡಗು ಹತ್ತಿಸಿ ಈಜಿಪ್ಟಿಗೆ, ಸೂಯೆಜ್ ಕಾಲುವೆಯ ಕಾವಲಿಗೆ ಕಳಿಸಿದರು. ಮೈಸೂರು, ಜೋಧಪುರದ ಸವಾರರೂ ಜೊತೆಗಿದ್ದರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳವೇ. ಪ್ರವಾಸಕ್ಕೆ ಹೋದ ನಮ್ಮವರು ಅದರ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ, ಮೂವರಲ್ಲಿ ಒಬ್ಬ ನಮ್ಮ ಹಳೆಯ ಸಂಸ್ಥಾನದವನೆಂದು ಯಾರೂ ಹೇಳುವುದಿಲ್ಲ.

ಹೈದರಾಬಾದ್ ನಗರದ ದೊಡ್ಡ ಮನೆತನದ ಹೆಂಗಸರು ಆಗ ಯುದ್ಧ ಪರಿಹಾರದ ಮಹಿಳಾ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಸರೋಜಿನಿ ನಾಯ್ಡು ಅವರ 'ದಿ ಗಿಫ್ಟ್ ಆಫ್ ಇಂಡಿಯಾ' ಎಂಬ ಪ್ರಸಿದ್ಧ ಕವಿತೆ 1915ರ ಡಿಸೆಂಬರಿನಲ್ಲಿ ಹುಟ್ಟಿದ್ದು ಈ ಸಂಘದ ವರದಿಗಾಗಿ. ಪರದೇಶದ ಮಣ್ಣಿನಲ್ಲಿ ಮಲಗಿದ ಮಕ್ಕಳನ್ನು ನೆನೆದು ತಾಯಿಯೊಬ್ಬಳು ಆಡುವ ಮಾತಾಗಿ ಬರೆದ ಕವಿತೆ ಅದು. ಸಂಘದ ವರದಿಯನ್ನು ಇಂದು ಓದುವವರಿಲ್ಲ, ಕವಿತೆ ಶಾಲೆಯ ಪುಸ್ತಕಗಳವರೆಗೂ ಬಂತು. ಅತ್ತ ಮುಂಬಯಿ ಪ್ರಾಂತ್ಯದಲ್ಲಿ ಗವರ್ನರರ ಪತ್ನಿ ಲೇಡಿ ವಿಲಿಂಗ್ಡನ್ ಅವರ ಮುಂದಾಳತ್ವದಲ್ಲಿ ಹೆಂಗಸರು ಸೈನಿಕರಿಗಾಗಿ ಬಟ್ಟೆ ಹೊಲಿದರು. ಗದಗ, ಧಾರವಾಡ, ಬೆಳಗಾವಿ ಆ ಪ್ರಾಂತ್ಯಕ್ಕೆ ಸೇರಿದ್ದವು.

ಇಂಗ್ಲೆಂಡಿನ ರಾಜಕುಮಾರಿ ಮೇರಿಗೆ ಆಗ 17 ವರ್ಷ. ಅವಳ ಹೆಸರಿನಲ್ಲಿ 1914ರ ಕ್ರಿಸ್‌ಮಸ್ಸಿಗೆ ಪ್ರತಿ ಸೈನಿಕನಿಗೂ ಹಿತ್ತಾಳೆಯ ಪುಟ್ಟ ಪೆಟ್ಟಿಗೆ ಕೊಡುವುದೆಂದು ನಿಶ್ಚಯವಾಯಿತು. ಇಂಗ್ಲಿಷ್ ಸಿಪಾಯಿಗೆ ತಂಬಾಕು, ಸಿಗರೇಟು. ಭಾರತೀಯರಿಗೆ ಏನು? ಗೂರ್ಖರಿಗೆ ಇಂಗ್ಲಿಷರಂತೆಯೇ. ಸಿಖ್ಖರಿಗೆ ಕಲ್ಲುಸಕ್ಕರೆ, ಮಸಾಲೆಯ ಡಬ್ಬಿ. ಉಳಿದವರಿಗೆ ಸಿಗರೇಟು, ಕಲ್ಲುಸಕ್ಕರೆ, ಮಸಾಲೆ. ನೀರು ಹೊರುವ ಭಿಸ್ತಿಗಳೇ ಮೊದಲಾದ ಆಳುಗಳಿಗೆ ಬರೀ ಮಸಾಲೆಯ ಡಬ್ಬಿ. ಒಳ್ಳೆಯ ಮನಸ್ಸಿನ ಕೆಲಸವೇ, ಅಲ್ಲವೆನ್ನಲಾರೆ. ಜಾತಿಗೊಂದು, ದರ್ಜೆಗೊಂದು ಪಟ್ಟಿ ಮಾಡಿ ಯೋಚಿಸಿದ್ದಾರೆ. ಆದರೆ ಒಲೆಯಿಲ್ಲದ ಕಂದಕದಲ್ಲಿ, ಮಂಜುಗಟ್ಟಿದ ಕೆಸರಿನಲ್ಲಿ ನಿಂತವನು ಮಸಾಲೆ ಡಬ್ಬಿಯನ್ನು ಏನು ಮಾಡಬೇಕು? ಅಡುಗೆ ಮಾಡಿ ಗೊತ್ತಿರುವ ಯಾವ ಹೆಂಗಸೂ ಕೇಳುವ ಪ್ರಶ್ನೆ ಇದು. ನಮ್ಮವರಾಗಿದ್ದರೆ ಹಿಂಡಿಯನ್ನೇ ಕುಟ್ಟಿ ಕಳಿಸುತ್ತಿದ್ದರು.

ಊಟದ ವಿಷಯ ಎಷ್ಟು ದೊಡ್ಡದೆಂಬುದು ಕುತ್ ಎಂಬಲ್ಲಿ ತಿಳಿಯಿತು. ಈಗಿನ ಇರಾಕಿನಲ್ಲಿರುವ ಆ ಊರಿನಲ್ಲಿ ತುರ್ಕರು 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಬ್ರಿಟಿಷ್-ಭಾರತೀಯ ದಂಡಿಗೆ ಮುತ್ತಿಗೆ ಹಾಕಿದರು. ಒಳಗೆ ಸಿಕ್ಕಿಬಿದ್ದವರಲ್ಲಿ ಮರಾಠಾ ಪಲ್ಟಣಗಳೂ ಇದ್ದವು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ, ನಮ್ಮ ಉತ್ತರ ಕರ್ನಾಟಕದ ಎಷ್ಟೋ ಹುಡುಗರು ಸೇರುವ ಮರಾಠಾ ಲಘು ಪದಾತಿ ದಳದ ಪೂರ್ವಜರು ಅವರು. ಧಾನ್ಯ ಮುಗಿದಾಗ ಕುದುರೆಗಳನ್ನು ಕಡಿದರು. ಅನೇಕ ಭಾರತೀಯ ಸಿಪಾಯಿಗಳು ಆ ಮಾಂಸವನ್ನು ಮುಟ್ಟಲಿಲ್ಲ. ವಿಮಾನದಿಂದ ಹಿಟ್ಟಿನ ಚೀಲಗಳನ್ನು ಎಸೆದು ನೋಡಿದರು, ಸಾಲಲಿಲ್ಲ. ಕೊನೆಗೆ ಸುಮಾರು 13,000 ಜನ ಸೆರೆಯಾದರು.

ಅಂಥವನ ತಾಯಿ ಏನಾದರೂ ಕಳಿಸಬೇಕೆಂದರೆ ದಾರಿ ಎಲ್ಲಿತ್ತು? ನಿಜಾಮರದು ಸ್ವಂತ ಅಂಚೆ, ಸ್ವಂತ ಅಂಚೆಚೀಟಿ. ಆ ಚೀಟಿ ಸಂಸ್ಥಾನದ ಎಲ್ಲೆಯೊಳಗೆ ಮಾತ್ರ ನಡೆಯುತ್ತಿತ್ತು. ಎಲ್ಲೆಯಾಚೆ ಹೋಗಬೇಕಾದ ಗಂಟಿಗೆ ಬ್ರಿಟಿಷ್ ಸರಕಾರದ ಅಂಚೆ ಕಚೇರಿಯೇ ಆಗಬೇಕು. ಬಾಸ್ರಾ, ಈಜಿಪ್ಟ್ ಇರಲಿ, ಪಕ್ಕದ ಗದಗವೇ ಆಗ ಪರಮುಲುಕು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೂ ಈ ಅಂಚೆ ಉಳಿದಿತ್ತು, ಭಾರತದ ಅಂಚೆಯಲ್ಲಿ ಒಂದಾದದ್ದು 1950ರ ಏಪ್ರಿಲ್‌ನಲ್ಲಿ.

ಎರಡನೆಯ ಯುದ್ಧದ ಹೊತ್ತಿಗೆ ದೊಡ್ಡವರೂ ಪಾಠ ಕಲಿತಿದ್ದರೆಂದು ತೋರುತ್ತದೆ. 1939ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಇಂಡಿಯನ್ ಕಂಫರ್ಟ್ಸ್ ಫಂಡ್ ಜರ್ಮನಿ, ಇಟಲಿಯಲ್ಲಿ ಸೆರೆಯಾಗಿದ್ದ ಭಾರತೀಯರಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಆಹಾರದ ಪೊಟ್ಟಣ ಕಟ್ಟಿ ಕಳಿಸಿತು. ಈ ಸಲ ಹಿಟ್ಟು, ಬೇಳೆ ಇದ್ದವು.

ದೊಡ್ಡವರ ಮಾತು ಸಾಕು. ನಾನು ಕಣ್ಣಾರೆ ಕಂಡ ಗಂಟಿನ ಕತೆಗೆ ಬರುತ್ತೇನೆ. 1987ರ ಜುಲೈ 29ರಂದು ಭಾರತ-ಶ್ರೀಲಂಕಾ ಒಪ್ಪಂದವಾಗಿ ನಮ್ಮ ಶಾಂತಿಪಾಲನಾ ಪಡೆ ಸಮುದ್ರ ದಾಟಿತು. ಕಾಯಲು ಹೋದವರು ಕಾದಾಡಬೇಕಾಯಿತು. ನಮ್ಮ ಓಣಿಯ ಒಬ್ಬ ತಾಯಿಯ ಮಗ ಜಾಫ್ನಾ ಕಡೆಗಿದ್ದ. ನಾನಾಗ ಬಿ.ಎ. ಓದುತ್ತಿದ್ದೆ. ಇಂಗ್ಲಿಷಿನಲ್ಲಿ ವಿಳಾಸ ಬರೆಯಬಲ್ಲ ಹುಡುಗಿ ಎಂದು ನನ್ನನ್ನು ಕರೆಯುತ್ತಿದ್ದರು.

ಆಕೆ ಗಂಟು ಕಟ್ಟಿದ ರೀತಿಯನ್ನು ಹೇಳಲೇಬೇಕು. ಡಾಲ್ಡಾ ಡಬ್ಬಿಯ ಮುಚ್ಚಳವನ್ನೇ ಅಳತೆಗೆ ಇಟ್ಟುಕೊಂಡು ಅಷ್ಟೇ ಅಗಲದ ಪುಟ್ಟ ರೊಟ್ಟಿ ಬಡಿದಳು. ಸಜ್ಜೆಯವು ಅರ್ಧ, ಮೇಲೆ ಎಳ್ಳು ಹಚ್ಚಿದವು. ಎರಡು ದಿನ ಆರಿಸಿ, ಹಳೆಯ ಧೋತರದ ಅರಿವೆಯಲ್ಲಿ ಸುತ್ತಿ, ಒಂದರ ಮೇಲೊಂದು ಇಳಿಬಿಟ್ಟಳು. ಸಂದಿಯಲ್ಲೆಲ್ಲ ಹುರಿದ ಶೇಂಗಾ ಸುರಿದಳು. ಡಬ್ಬಿ ಅಲುಗಾಡಿದರೆ ರೊಟ್ಟಿ ಒಡೆಯುತ್ತದಲ್ಲ, ಶೇಂಗಾ ಅದನ್ನು ತಡೆಯಬೇಕು, ತಿನ್ನಲೂ ಆಗಬೇಕು. ಇನ್ನೊಂದು ಡಬ್ಬಿಯಲ್ಲಿ ಹಿಂಡಿ, ಅಂಟಿನ ಉಂಡಿ. ಮೇಲೆ ಬಿಳಿ ಅರಿವೆ ಹೊದಿಸಿ ದಬ್ಬಣದಿಂದ ಹೊಲಿದಳು. ಹೊಲಿಗೆಯ ಮೇಲೆ ಅಂಚೆ ಕಚೇರಿಯಲ್ಲಿ ಅರಗಿನ ಮುದ್ರೆ. ಎರಡು ಡಬ್ಬಿಗೆ ಓಣಿಯ ಆರು ಮನೆಗಳ ಕೈ ಬಿದ್ದಿತ್ತು. ಗುರೆಳ್ಳು ಒಬ್ಬರದು, ಬೆಲ್ಲ ಇನ್ನೊಬ್ಬರದು.

ನಾನು ಕಾಪಿಯಿಂಗ್ ಪೆನ್ಸಿಲ್ ಒದ್ದೆ ಮಾಡಿಕೊಂಡು ಬರೆದೆ: ನಂಬರು, ಹುದ್ದೆ, ಹೆಸರು, ಪಲ್ಟಣ, ಕೇರ್ ಆಫ್ 56 ಎ.ಪಿ.ಓ. ಆಕೆ ಬೆರಳಿಟ್ಟು ಕೇಳಿದಳು: “ಊರು ಎಲ್ಲೈತಿ ಇದರಾಗ? ಊರು ಬರಿಯವ್ವಾ.” ಸೈನಿಕನ ವಿಳಾಸಕ್ಕೆ ಊರಿಲ್ಲ ಎಂದು ನಾನೇ ಅಂದು ತಿಳಿದುಕೊಂಡೆ. 56 ಎಂದರೆ ದೆಹಲಿಯಲ್ಲಿರುವ ಸೈನ್ಯದ ಮೂಲ ಅಂಚೆ ಕಚೇರಿ, 99 ಎಂದರೆ ಕೊಲ್ಕತ್ತಾದ್ದು. ಮುಂದಿನ ದಾರಿ ಸೈನ್ಯಕ್ಕೆ ಮಾತ್ರ ಗೊತ್ತು. 1972ರಲ್ಲಿ ಪಿನ್ ಕೋಡ್ ಬಂದಾಗಲೂ ದೇಶದ ಪ್ರಾಂತ್ಯಗಳಿಗೆಲ್ಲ 1ರಿಂದ 8ರವರೆಗಿನ ಅಂಕಿ ಹಂಚಿ, 9ನ್ನು ಸೈನ್ಯಕ್ಕೇ ಬಿಟ್ಟರು. ಅದು ಯಾವ ನೆಲದ್ದೂ ಅಲ್ಲದ ಅಂಕಿ. “ಊರಿಲ್ಲದ ಕಡೆ ಹೆಂಗ ಮುಟ್ಟತೈತಿ?” ಎಂದಳು. ಮುಟ್ಟುತ್ತದೆ ಎಂದೆ. ಮೊದಲ ಗಂಟು ಮುಟ್ಟಿತು ಕೂಡ. “ಹಿಂಡಿ ನನಗ ಉಳಿಲಿಲ್ಲ, ಪಂಜಾಬದವರು ತಿಂದರು” ಎಂದು ಕಾಗದ ಬಂತು. ಅದನ್ನು ಓಣಿಯಲ್ಲಿ ಎಷ್ಟು ಸಲ ಓದಿಸಿದರೋ!

ಎರಡನೆಯದು ಮೂರು ತಿಂಗಳ ಮೇಲೆ ಹಿಂದಕ್ಕೆ ಬಂತು. ಅರಿವೆಯ ಮೇಲೆ ಕೆಂಪು ಶಾಯಿಯಲ್ಲಿ ಇಂಗ್ಲಿಷಿನ ಒಂದು ಸಾಲು. ಓದು ಎಂದು ನನ್ನ ಮುಂದೆ ಇಟ್ಟರು, ಸುತ್ತ ಹೆಂಗಸರು ನಿಂತರು. ಆತ ಈಗ ಆ ಪಲ್ಟಣದಲ್ಲಿಲ್ಲ ಎಂದಷ್ಟೇ ಇತ್ತು. ಇಲ್ಲ ಎಂದರೆ ಯಾವ ಅರ್ಥದ ಇಲ್ಲ? ಅಷ್ಟು ಇಂಗ್ಲಿಷ್ ಓದಿದ್ದಕ್ಕೆ ನನಗೆ ಅಂದು ಯಾವ ಹೆಮ್ಮೆಯೂ ಆಗಲಿಲ್ಲ. ಆಕೆ ಗಂಟು ಬಿಚ್ಚಲಿಲ್ಲ, ಜಗಲಿಯ ಮೇಲೆ ದೇವರ ಪಕ್ಕದಲ್ಲಿಟ್ಟಳು. ಹನ್ನೊಂದು ದಿನ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಮನೆಗೆ ಕಳಿಸಿದ ಅನ್ನವನ್ನೇ ಉಂಡರು. ಹನ್ನೆರಡನೆಯ ದಿನ ಮದ್ರಾಸಿನ ಆಸ್ಪತ್ರೆಯಿಂದ ಮಗನ ಕಾಗದ ಬಂತು. ಕಾಲಿಗೆ ಪೆಟ್ಟು, ಜೀವಕ್ಕೆ ಅಪಾಯವಿಲ್ಲ. ಅವತ್ತು ಸಂಜೆ ಹೊಲಿಗೆ ಬಿಚ್ಚಿದಳು. ರೊಟ್ಟಿ ಚೂರು ಚೂರಾಗಿತ್ತು, ಹಿಂಡಿಯ ವಾಸನೆ ಮಾತ್ರ ಹಾಗೇ ಇತ್ತು. ಚೂರನ್ನೆಲ್ಲ ಮಜ್ಜಿಗೆಯಲ್ಲಿ ನೆನೆಸಿ ಓಣಿಯ ಮಕ್ಕಳಿಗೆ ಹಂಚಿದಳು.

1990ರ ಮಾರ್ಚಿನಲ್ಲಿ ಪಡೆ ಹಿಂತಿರುಗುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಜವಾನರು ಅಲ್ಲಿ ಪ್ರಾಣ ಬಿಟ್ಟಿದ್ದರು. ಅವರ ಮನೆಗಳಿಗೂ ಗಂಟುಗಳು ಹಿಂದಕ್ಕೆ ಬಂದಿರಬೇಕು. ಅವುಗಳನ್ನು ಯಾರು ಬಿಚ್ಚಿದರು, ಯಾವಾಗ ಬಿಚ್ಚಿದರು ಎಂದು ಯಾವ ವರದಿಯಲ್ಲಿ ಬರೆದಾರು? ಮೊದಲ ಯುದ್ಧದ ಸಿಪಾಯಿಗಳ ಕಾಗದಗಳು ನಮಗೆ ಇಂದು ಓದಲು ಸಿಗುವುದು, ಸರಕಾರ ಅವನ್ನು ಒಡೆದು ಓದಿ ನಕಲು ಇಟ್ಟುಕೊಂಡಿದ್ದರಿಂದ. ರೊಟ್ಟಿಯ ನಕಲು ಇಡುವವರಿಲ್ಲ.

1999ರಲ್ಲಿ ಕಾರ್ಗಿಲ್ ಯುದ್ಧವಾಯಿತು. ನಾನು ಆಗ ಶಿಕ್ಷಕಿ. ಪರದೇಶವಲ್ಲದಿದ್ದರೂ ನಮ್ಮ ಮಕ್ಕಳಿಗೆ ಆ ಹಿಮದ ಬೆಟ್ಟ ಪರದೇಶದಷ್ಟೇ ದೂರ. ಸೋಪು, ಬಿಸ್ಕೀಟು, ರಾಖಿ ರಾಶಿ ಬಿದ್ದವು. ಒಬ್ಬ ಹುಡುಗಿ ನೋಟ್‌ಬುಕ್ಕಿನ ಹಾಳೆಯಲ್ಲಿ ಹಸಿ ಶೇಂಗಾ ಕಟ್ಟಿ ತಂದಳು. ಹುರಿದು ತಾ ಎಂದು ಹಿಂದಕ್ಕೆ ಕಳಿಸಿದೆ. ಮರುದಿನ ಹುರಿದು, ಉಪ್ಪು ಹಚ್ಚಿ ತಂದಳು. ಬಿಸ್ಕೀಟಿನ ರಾಶಿಯಲ್ಲಿ ನನಗೆ ನೆನಪಿರುವುದು ಅದೊಂದೇ ಪೊಟ್ಟಣ.

ಈಗ ಮೊಬೈಲಿನಲ್ಲಿ ಮುಖ ಕಾಣುತ್ತದೆ, ಗಂಟುಗಳು ಕಡಿಮೆಯಾಗಿವೆ. ರಜೆ ಮುಗಿಸಿ ಹೊರಟವನ ಚೀಲದಲ್ಲಿ ಹಿಂಡಿ ತುಂಬುವುದು ಮಾತ್ರ ನಿಂತಿಲ್ಲ. ಇನ್ನೊಂದು ಬದಲಾವಣೆಯೂ ಆಗಿದೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಿಲಿಟರಿ ಪೊಲೀಸಿನ ಮೊದಲ ಮಹಿಳಾ ಜವಾನರ ತಂಡ ತರಬೇತಿ ಮುಗಿಸಿತು. 2023ರ ಜನವರಿಯಲ್ಲಿ ವಿಶ್ವಸಂಸ್ಥೆಯ ಕೆಲಸಕ್ಕೆ ಆಫ್ರಿಕಾದ ಅಬ್ಯೇ ಎಂಬಲ್ಲಿಗೆ ಭಾರತದ ಮಹಿಳಾ ತುಕಡಿಯೊಂದು ಹೋಯಿತು. ಪತ್ರಿಕೆಯಲ್ಲಿ ಬಂದಿದ್ದ ಅವರ ಚಿತ್ರವನ್ನು ತರಗತಿಯಲ್ಲಿ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, “ಟೀಚರ್, ಇವರಿಗೆ ರೊಟ್ಟಿ ಯಾರು ಬಡೀತಾರ್ರೀ?” ತರಗತಿ ನಕ್ಕಿತು. ಅವಳು ನಗದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.