ಗ್ರಾಸಿಯೇಲಾ ಕೈಯಲ್ಲಿದ್ದ ಕ್ಲಾವೇಸ್: 1947ರ ಒಂದು ಛಾಯಾಚಿತ್ರದ ಮರು ಓದು

ವಿಲಿಯಂ ಗಾಟ್ಲೀಬ್ ತೆಗೆದ ಒಂದು ಛಾಯಾಚಿತ್ರ ಆಫ್ರೋ-ಕ್ಯೂಬನ್ ಜಾಝ್ ಕುರಿತ ಬರಹಗಳಲ್ಲಿ ಮೇಲಿಂದ ಮೇಲೆ ಅಚ್ಚಾಗುತ್ತದೆ. ಸುಮಾರು 1947ರ ಜುಲೈನಲ್ಲಿ, ನ್ಯೂಯಾರ್ಕಿನ ಗ್ಲೆನ್ ಐಲೆಂಡ್ ಕಸಿನೊದಲ್ಲಿ ತೆಗೆದದ್ದು. ಆಫ್ರೋ-ಕ್ಯೂಬನ್ಸ್ ವಾದ್ಯವೃಂದದ ನಾಯಕ ಮಾಚೀತೊ ಕೈಯಲ್ಲಿ ಮರಾಕಾಸ್ ಎಂಬ ಜೋಡಿ ಗಿಲಕಿ ಇದೆ. ಜೊತೆಗಿರುವ ಹೆಣ್ಣುಮಗಳ ಕೈಯಲ್ಲಿ ಕ್ಲಾವೇಸ್, ಅಂದರೆ ಒಂದಕ್ಕೊಂದು ತಟ್ಟುವ ಜೋಡಿ ಮರದ ಕೋಲುಗಳು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸೂಚಿಯಲ್ಲಿ ಆಕೆಯ ಹೆಸರು ‘ಗ್ರಾಸಿಯೆಲ್ಲಾ ಗ್ರಿಲ್ಲೊ’. ಮರುಮುದ್ರಣಗಳಲ್ಲಿ ಇದಕ್ಕೆ ‘ಮಾಚೀತೊ ತಂಗಿ’ ಎಂಬ ವಿವರಣೆ ಅಂಟಿಕೊಂಡಿದೆ. ಆಕೆಯ ಹೆಸರು ಗ್ರಾಸಿಯೇಲಾ ಪೆರೆಸ್. ಹವಾನಾದಲ್ಲಿ ಮಾಚೀತೊ ಜೊತೆಗೇ ಬೆಳೆದ ಸಾಕುತಂಗಿ ಎಂಬುದು ನಿಜ. ಆದರೆ ಆಕೆಗೆ ಕಟ್ಟಿಕೊಟ್ಟ ಗ್ರಿಲ್ಲೊ ಎಂಬ ಹೆಸರು ಮಾಚೀತೊ ಅವರದು. ನಾಯಕನ ಮನೆಹೆಸರನ್ನು ಹೊದಿಸಿದ ಕೂಡಲೇ ಆಕೆ ಮನೆಯವರ ಪೈಕಿ ಒಬ್ಬರಾಗಿಬಿಡುತ್ತಾರೆ, ವಾದ್ಯಗಾರ್ತಿ ಮರೆಯಾಗುತ್ತಾರೆ. ಈ ಲೇಖನದ ತಕರಾರು ಇಲ್ಲಿಂದ ಮೊದಲಾಗುತ್ತದೆ.

ಹೆಸರಿನ ತಪ್ಪನ್ನು ಗಮನಿಸಿದವರಿದ್ದಾರೆ. ಕೈಯಲ್ಲಿದ್ದ ಕೋಲುಗಳನ್ನು ಮಾತ್ರ ಗಂಭೀರವಾಗಿ ನೋಡಿದವರು ವಿರಳ. ಅವು ಚಿತ್ರಕ್ಕೆಂದು ಹಿಡಿದ ಅಲಂಕಾರ, ಆಕೆ ‘ಗಾಯಕಿ’, ತಾಳವಿಭಾಗವೆಂದರೆ ಹಿಂದೆ ನಿಂತ ಗಂಡಸರು: ಬೊಂಗೊದ ಹೊಸೆ ಮಂಗುವಾಲ್, ತಿಂಬಾಲೆಸ್‌ನ ಉಬಾಲ್ದೊ ನಿಯೆತೊ, ಕೊಂಗಾದ ಕಾರ್ಲೋಸ್ ವಿದಾಲ್. ಇದು ಇಂಥವರ ಮತ ಎಂದು ಬೆರಳಿಡುವಂತಿಲ್ಲ, ವಾಡಿಕೆಯಾಗಿ ಕೂತಿದೆ. ವಾಡಿಕೆಗೆ ಒಬ್ಬ ಕರ್ತೃ ಇರುವುದಿಲ್ಲವಾದ್ದರಿಂದ ಅದನ್ನು ಅಲುಗಿಸುವುದು ಇನ್ನೂ ಕಷ್ಟ.

ಈ ವಾಡಿಕೆಗೆ ಬಲ ಕೊಟ್ಟ ಗ್ರಂಥಗಳಲ್ಲಿ ಮಾರ್ಷಲ್ ಸ್ಟರ್ನ್ಸ್ ಅವರ 1956ರ ‘ದಿ ಸ್ಟೋರಿ ಆಫ್ ಜಾಝ್’ ಮುಖ್ಯವಾದದ್ದು. ಕ್ಯೂಬಾದ ಲಯ ಜಾಝ್ ಮೇಲೆ ಬೀರಿದ ಪ್ರಭಾವ 1947ರ ಚಳಿಗಾಲದಲ್ಲಿ ಶಿಖರ ಮುಟ್ಟಿತು, ಜಾಝ್ ತುತ್ತೂರಿಗಾರ ಡಿಝಿ ಗಿಲೆಸ್ಪಿ ಕ್ಯೂಬಾದ ಕೊಂಗಾ ವಾದಕ ಚಾನೊ ಪೋಸೊ ಅವರನ್ನು ಕರೆಸಿಕೊಂಡದ್ದೇ ಆ ಕ್ಷಣ ಎಂಬುದು ಅವರ ನಿಲುವು. ಸ್ಟರ್ನ್ಸ್ ದೊಡ್ಡ ವಿದ್ವಾಂಸರು. ಜಾಝ್ ಚರಿತ್ರೆಯಲ್ಲಿ ಆಫ್ರೋ-ಕ್ಯೂಬನ್ ಸಂಗೀತಕ್ಕೆ ಒಂದು ಅಧ್ಯಾಯ ಕೊಡುವ ದೃಷ್ಟಿ ಆ ಕಾಲದಲ್ಲಿ ಎಲ್ಲರಿಗೂ ಇರಲಿಲ್ಲ, ಆ ಋಣ ನನಗೂ ಇದೆ. ಆದರೂ ಅವರ ಚೌಕಟ್ಟಿನಲ್ಲಿ ಲಯವೆಂದರೆ ಚರ್ಮವಾದ್ಯ, ಚರ್ಮವಾದ್ಯವೆಂದರೆ ಹೊರಗಿನಿಂದ ಬಂದ ಒಬ್ಬ ಗಂಡಸು. ಗ್ಲೆನ್ ಐಲೆಂಡ್ ಚಿತ್ರ ಆ ಚಳಿಗಾಲಕ್ಕೂ ಹಿಂದಿನದು. ಗಿಲೆಸ್ಪಿ ಮತ್ತು ಪೋಸೊ ಕಾರ್ನೆಗಿ ಹಾಲ್ ವೇದಿಕೆ ಏರಿದ 1947ರ ಸೆಪ್ಟೆಂಬರ್ 29ಕ್ಕೂ ಹಿಂದಿನದು. ಶಿಖರವೆಂದು ಹೇಳಲಾದ ದಿನಕ್ಕೆ ಮುಂಚೆಯೇ ಒಂದು ಪೂರ್ಣ ವಾದ್ಯವೃಂದ ಆ ಲಯವನ್ನು ವರ್ಷಗಟ್ಟಲೆ ನುಡಿಸಿ ಪಳಗಿತ್ತು. ಅದರ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕ್ಲಾವೇಸ್ ಹಿಡಿದಿದ್ದರು.

ಇನ್ನು ಆಕ್ಷೇಪಗಳು. ಮೊದಲನೆಯದು, ಚಿತ್ರ ಭಂಗಿಗೆಂದು ತೆಗೆದದ್ದು, ಅದರಿಂದ ವಾದನವನ್ನು ಊಹಿಸಲಾಗದು ಎಂಬುದು. ಭಂಗಿಯೇ ಇರಲಿ. ಕೋಲುಗಳ ಬದಲು ಆಕೆಯ ಕೈಗೆ ಹೂವನ್ನೋ ಮೈಕನ್ನೋ ಕೊಡಬಹುದಿತ್ತಲ್ಲ? ಕೊಡಲಿಲ್ಲ. ಕ್ಯೂಬಾದ ಸೋನ್ ಎಂಬ ಹಾಡಿನ ಪದ್ಧತಿಯಲ್ಲಿ ಹಾಡುವವರೇ ಕ್ಲಾವೇಸ್ ಮತ್ತು ಮರಾಕಾಸ್ ನುಡಿಸುತ್ತಾರೆ. 1920ರ ದಶಕದಲ್ಲಿ ಹವಾನಾದ ಸೆಕ್ಸ್ತೇತೊ ಆಬಾನೇರೊ, ಇಗ್ನಾಸಿಯೊ ಪಿನ್ಯೇರೊ ಅವರ ಸೆಪ್ತೇತೊ ನಾಸಿಯೊನಾಲ್ ಇದೇ ವಿಂಗಡಣೆಯನ್ನು ಬೇರೂರಿಸಿದವು. ಗ್ಲೆನ್ ಐಲೆಂಡ್‌ನಲ್ಲಿ ಮಾಚೀತೊ ಮರಾಕಾಸ್ ಹಿಡಿದು, ಗ್ರಾಸಿಯೇಲಾ ಕ್ಲಾವೇಸ್ ಹಿಡಿದು ನಿಂತರೆ ಅದು ಛಾಯಾಗ್ರಾಹಕನ ಕಲ್ಪನೆಯಲ್ಲ, ಹವಾನಾದ ರೂಢಿ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ದೊಡ್ಡ ವಾದ್ಯವೃಂದದಲ್ಲಿ ಕ್ಲಾವೆಯ, ಅಂದರೆ ಕ್ಲಾವೇಸ್ ಕೋಲುಗಳು ನುಡಿಸುವ ಲಯವಿನ್ಯಾಸದ, ಐದು ಪೆಟ್ಟುಗಳನ್ನು ಯಾರೂ ಬಾರಿಸದಿದ್ದರೂ ಎಲ್ಲರೂ ಮನಸ್ಸಿನಲ್ಲಿ ಹೊತ್ತಿರುತ್ತಾರೆ, ಆದ್ದರಿಂದ ಬಾರಿಸುವವರಿಗೆ ವಿಶೇಷ ಸ್ಥಾನ ಇಲ್ಲ ಎಂಬ ವಾದ. ಇದರ ಮೊದಲರ್ಧವನ್ನು ಒಪ್ಪುತ್ತೇನೆ. ಕ್ಲಾವೆ ಎರಡು ಅಳತೆಗಳಲ್ಲಿ ಹರಡಿದ ವಿನ್ಯಾಸ: ಒಂದರಲ್ಲಿ ಮೂರು ಪೆಟ್ಟು, ಇನ್ನೊಂದರಲ್ಲಿ ಎರಡು. ಹಾಡು ಯಾವ ಅರ್ಧದಿಂದಲಾದರೂ ಮೊದಲಾಗಬಹುದು. ಒಮ್ಮೆ ಹೊರಟ ಮೇಲೆ ಸರದಿ ತಿರುವುಮುರುವಾಗಬಾರದು. ಪಿಯಾನೊದಲ್ಲಿ ಮರುಕಳಿಸುವ ಮೊಂತೂನೊ ಎಂಬ ಸಾಲು, ತಿಂಬಾಲೆಸ್‌ನ ಬದಿಯ ಮೇಲಿನ ಪೆಟ್ಟು, ತುತ್ತೂರಿಗಳ ಸಾಲು, ಎಲ್ಲವೂ ಆ ಸರದಿಗೆ ಹೊಂದಿ ಕೂರಬೇಕು. ಸಂಗೀತ ನಿರ್ದೇಶಕ ಮಾರಿಯೊ ಬೌಸಾ ಮಾಚೀತೊ ವೃಂದಕ್ಕೆ ಹಾಕಿದ ಶಿಸ್ತು ಇದೇ. ಚಿಕ್ ವೆಬ್, ಕ್ಯಾಬ್ ಕ್ಯಾಲೊವೇ ಅವರ ತಂಡಗಳಲ್ಲಿ ಪಳಗಿದ ತುತ್ತೂರಿಗಾರ, ಸ್ವಿಂಗ್ ತಂಡದ ಸ್ವರಸಂಯೋಜನೆಯನ್ನು ಕ್ಲಾವೆಗೆ ಬಗ್ಗಿಸಿದರು, ಕ್ಲಾವೆಯನ್ನು ಸ್ವಿಂಗ್‌ಗೆ ಬಗ್ಗಿಸಲಿಲ್ಲ.

ಇಷ್ಟನ್ನು ಒಪ್ಪಿದರೆ ಆಕ್ಷೇಪದ ಎರಡನೆಯ ಅರ್ಧ ಬಿದ್ದುಹೋಗುತ್ತದೆ. ಇಡೀ ಕಟ್ಟಡ ಒಂದು ವಿನ್ಯಾಸದ ಮೇಲೆ ನಿಂತಿರುವಾಗ ಅದನ್ನು ಎಲ್ಲರ ಕಿವಿಗೆ ಬೀಳುವಂತೆ ನುಡಿಸುವವರು ಅಲಂಕಾರವಾಗಲು ಹೇಗೆ ಸಾಧ್ಯ? ಅದರ ಮೇಲೆ ಗಾಯಕಿ ಹಾಡಲೂಬೇಕು. ಮೇಳದ ಪಲ್ಲವಿಗೆ ಎದುರಾಗಿ ಸ್ಥಳದಲ್ಲೇ ಕಟ್ಟುವ ಸಾಲುಗಳನ್ನು ಕ್ಲಾವೆಯ ಯಾವ ಪೆಟ್ಟಿಗೆ ಇಳಿಸಬೇಕೆಂಬ ತೀರ್ಮಾನವೂ ಅವರದೇ. ನಮ್ಮ ಯಕ್ಷಗಾನದಲ್ಲಿ ಭಾಗವತರು ತಾಳ ಹಿಡಿದು ಪದ ಹೇಳುತ್ತ ಮದ್ದಲೆ, ಚೆಂಡೆಗಳನ್ನು ನಡೆಸುತ್ತಾರೆ. ಅವರನ್ನು ‘ಹಾಡುವವರು’ ಎಂದಷ್ಟೇ ಬರೆದು ಹಿಮ್ಮೇಳದ ಪಟ್ಟಿಯಿಂದ ಕೈಬಿಟ್ಟರೆ ಕರಾವಳಿಯ ಯಾವ ಪ್ರೇಕ್ಷಕನೂ ಒಪ್ಪುವುದಿಲ್ಲ. (ಭಾಗವತರಿಗಿರುವ ನಿರ್ದೇಶಕನ ಅಧಿಕಾರ ಗ್ರಾಸಿಯೇಲಾಗೆ ಇರಲಿಲ್ಲ, ಅದು ಬೌಸಾ ಅವರದು. ಹೋಲಿಕೆ ತಾಳ ಮತ್ತು ದನಿಯ ಮಟ್ಟಿಗೆ.) ಗಾಯನಕ್ಕೂ ತಾಳಕ್ಕೂ ನಡುವೆ ಗೆರೆ ಎಳೆದದ್ದು ಅಮೆರಿಕದ ಸ್ವಿಂಗ್ ತಂಡಗಳ ಅಭ್ಯಾಸ. ಅಲ್ಲಿ ಹಾಡುವ ಹುಡುಗಿ ತನ್ನ ಸರದಿ ಬರುವ ತನಕ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಆ ಕುರ್ಚಿಯನ್ನು ತಂದು ಕ್ಯೂಬಾದ ಗಾಯಕಿಯ ಕೆಳಗೆ ಇಟ್ಟದ್ದೇ ನಮ್ಮ ಚರಿತ್ರಕಾರರ ಮೂಲ ದೋಷ.

ಗ್ರಾಸಿಯೇಲಾ ಎಂಥ ತಾಲೀಮಿನಿಂದ ಬಂದರೆಂಬುದಕ್ಕೆ ಕೈಗೆಟುಕುವ ಆಧಾರ ಇದೆ, ಬಳಸುವವರು ಕಡಿಮೆ. ಹವಾನಾದ ಹೆಂಗಸರ ತಂಡ ‘ಅನಕಾವೋನಾ’ವನ್ನು 1932ರಲ್ಲಿ ಕಟ್ಟಿದವರು ಕೊನ್ಸೆಪ್ಸಿಯೋನ್ ಕಾಸ್ತ್ರೊ. ಅವರ ತಂಗಿ ಅಲಿಸಿಯಾ ಕಾಸ್ತ್ರೊ ಮುಪ್ಪಿನಲ್ಲಿ ಇಂಗ್ರಿಡ್ ಕುಮ್ಮೆಲ್ಸ್ ಮತ್ತು ಮಾನ್‌ಫ್ರೆಡ್ ಶೇಫರ್ ಜೊತೆಗೂಡಿ ಆ ತಂಡದ ಕಥೆಯನ್ನು ಪುಸ್ತಕವಾಗಿಸಿದರು. ಹನ್ನೊಂದು ಮಂದಿ ಅಕ್ಕತಂಗಿಯರ ಮನೆ ಅದು. ತಂಡ ಸೋನ್ ಸೆಪ್ತೇತೊ ಆಗಿ ಹುಟ್ಟಿ ಮುಂದೆ ಜಾಝ್ ವೃಂದವಾಗಿಯೂ ಬೆಳೆಯಿತು. ಪವಿತ್ರ ಬಾತಾ ಮದ್ದಳೆಗಳನ್ನು ಹೆಂಗಸರು ಮುಟ್ಟಬಾರದೆಂಬ ಕಟ್ಟಳೆ ಇದ್ದ ದೇಶದಲ್ಲಿ ಈ ತಂಡದ ಬೊಂಗೊ ಬಾರಿಸಿದ್ದು ಅದೇ ಮನೆಯ ಹುಡುಗಿ. ಗ್ರಾಸಿಯೇಲಾ ಈ ತಂಡದಲ್ಲಿ ಹಾಡಿದರು, 1930ರ ದಶಕದ ಕೊನೆಯಲ್ಲಿ ಇದರ ಜೊತೆ ನ್ಯೂಯಾರ್ಕಿಗೂ ಪ್ಯಾರಿಸಿಗೂ ಹೋಗಿಬಂದರು. ಪ್ರತಿ ವಾದ್ಯವನ್ನೂ ಹೆಂಗಸರೇ ನುಡಿಸುವ ತಂಡದಲ್ಲಿ ‘ಗಾಯಕಿ ಬೇರೆ, ತಾಳದವರು ಬೇರೆ’ ಎಂಬ ಗಂಡು-ಹೆಣ್ಣಿನ ವಿಂಗಡಣೆಗೆ ಜಾಗವೇ ಇರಲಿಲ್ಲ. ಈ ಪುಸ್ತಕವನ್ನು ಪ್ರವಾಸದ ರಂಜಕ ನೆನಪುಗಳೆಂದು ಬದಿಗಿಡುವುದು ಅನ್ಯಾಯ. ನೆನಪಿಗೆ ಮುಪ್ಪಿನ ಬಣ್ಣ ಇದ್ದೇ ಇರುತ್ತದೆ. ಬೌಸಾ ಅವರ ನೆನಪುಗಳಿಗೂ ಅದೇ ಬಣ್ಣ ಇತ್ತು, ಅವನ್ನು ಮಾತ್ರ ನಾವು ದಾಖಲೆಯೆಂದು ಕಣ್ಣಿಗೊತ್ತಿಕೊಂಡೆವು.

ಅದಕ್ಕೊಂದು ನಿದರ್ಶನ ‘ತಾಂಗಾ’. ಕ್ಲಾವೆಗೆ ಒಪ್ಪಿಸಿ ಕಟ್ಟಿದ ಮೊದಲ ಜಾಝ್ ಕೃತಿ ಎಂದು ಹೆಸರಾದ ಈ ರಚನೆ ಹುಟ್ಟಿದ ಗಳಿಗೆಯನ್ನು ಬೌಸಾ ಅವರ ನೆನಪಿನ ಆಧಾರದ ಮೇಲೆ 1943ರ ಮೇ ಕೊನೆಗೆ, ನ್ಯೂಯಾರ್ಕಿನ ಪಾರ್ಕ್ ಪ್ಯಾಲೇಸ್ ನೃತ್ಯಶಾಲೆಗೆ ಕಟ್ಟುತ್ತಾರೆ. ಕೆಲವೆಡೆ ‘ಮೇ 29, ಸೋಮವಾರ’ ಎಂದೇ ಅಚ್ಚಾಗಿದೆ. ಪಂಚಾಂಗ ತೆಗೆದು ನೋಡಿದರೆ 1943ರ ಮೇ 29 ಶನಿವಾರ, ಆ ಸೋಮವಾರ 31ನೇ ತಾರೀಕು. ತಾರೀಕನ್ನು ನಕಲು ಮಾಡುತ್ತ ಹೋದವರು ಒಮ್ಮೆಯೂ ಪಂಚಾಂಗ ನೋಡಲಿಲ್ಲವೆಂಬುದು ನನಗೆ ಬೇಸರದ ಸಂಗತಿ. ಆದರೆ ಈ ಗಲಿಬಿಲಿಗೊಂದು ನಿಜವಾದ ಕಾರಣವೂ ಇದೆ. ಅಮೆರಿಕದ ವಾದ್ಯಗಾರರ ಸಂಘ 1942ರ ಆಗಸ್ಟ್ 1ರಿಂದ ಧ್ವನಿಮುದ್ರಣವನ್ನು ಬಹಿಷ್ಕರಿಸಿತ್ತು, ದೊಡ್ಡ ಕಂಪನಿಗಳಾದ ಆರ್‌ಸಿಎ ವಿಕ್ಟರ್ ಮತ್ತು ಕೊಲಂಬಿಯಾ 1944ರ ನವೆಂಬರಿನವರೆಗೂ ರಾಜಿಯಾಗಲಿಲ್ಲ. ವೃಂದ ತನ್ನ ದನಿಯನ್ನು ಕಂಡುಕೊಂಡ ತಿಂಗಳುಗಳು ಸರಿಯಾಗಿ ಈ ಮೌನದೊಳಗೆ ಬೀಳುತ್ತವೆ. ಪ್ಲೇಟುಗಳನ್ನು ಕೇಳಿ ಚರಿತ್ರೆ ಬರೆಯುವವರಿಗೆ 1943 ಬರಿದಾಗಿ ಕಾಣುವುದು ಸಹಜ.

ಆ ಬರಿದಾದ ವರ್ಷದಲ್ಲೇ ಗ್ರಾಸಿಯೇಲಾ ನ್ಯೂಯಾರ್ಕಿಗೆ ಬಂದರು. ಮಾಚೀತೊ ಅವರಿಗೆ ಸೈನ್ಯದ ಕರೆ ಬಂತು, ವೃಂದದ ಮುಂದೆ ನಿಲ್ಲುವವರಿಲ್ಲದೆ ಬೌಸಾ ಹವಾನಾದಿಂದ ಅವರನ್ನು ಕರೆಸಿದರು. ಗಾಯಕ ಪೊಲೀತೊ ಗಾಲಿಂದೆಸ್ ಜೊತೆ ಆ ತಿಂಗಳುಗಳನ್ನು ನಡೆಸಿದವರು ಅವರು. ‘ತಾಂಗಾ’ ಹುಟ್ಟಿದ ಸಂಜೆ ಅವರು ವೇದಿಕೆಯ ಮೇಲಿದ್ದರೆಂದು ವಾದಿಸುವುದು ನನ್ನ ಉದ್ದೇಶವಲ್ಲ, ಅಂಥ ವಾದ ‘ಮೇ 29, ಸೋಮವಾರ’ದ ತಪ್ಪನ್ನೇ ಮತ್ತೆ ಮಾಡಿದಂತೆ. ನಾನು ಹೇಳುವುದು ಇಷ್ಟು: ನಾಯಕ ಊರಲ್ಲಿಲ್ಲದ ಕಾಲದಲ್ಲಿ ಆಫ್ರೋ-ಕ್ಯೂಬನ್ಸ್ ಚೆದುರದೆ ಉಳಿದದ್ದಕ್ಕೆ ಕಾರಣರಾದವರಲ್ಲಿ ಆಕೆಯೂ ಒಬ್ಬರು. ಮಾಚೀತೊ ಕೆಲವೇ ತಿಂಗಳಲ್ಲಿ ಬಿಡುಗಡೆಯಾಗಿ ಬಂದರು. ಬದಲಿಗೆ ಬಂದವರಷ್ಟೇ ಆಗಿದ್ದರೆ ಗ್ರಾಸಿಯೇಲಾ ಮರಳಬೇಕಿತ್ತು. 1970ರ ದಶಕದ ನಡುವಿನವರೆಗೂ ಅವರು ವೃಂದದಲ್ಲೇ ಇದ್ದರು, ಬಳಿಕ ಬೌಸಾ ಜೊತೆ ಹೊರನಡೆದರು.

ಆಫ್ರೋ-ಕ್ಯೂಬನ್ ಜಾಝ್ ನ್ಯೂಯಾರ್ಕಿನಲ್ಲೇ ಹುಟ್ಟಿತೆಂಬ ಹಟವನ್ನು ಒಪ್ಪದ ಕ್ಯೂಬಾದ ಸಂಗೀತ ಚರಿತ್ರಕಾರ ಲಿಯೊನಾರ್ದೊ ಅಕೋಸ್ತಾ ಅವರ ಪಕ್ಷ ನನ್ನದು. ಹವಾನಾದ ವಾದ್ಯಗಾರರು ಜಾಝನ್ನು ದಶಕಗಳ ಮೊದಲೇ ಕೈಗೆತ್ತಿಕೊಂಡಿದ್ದರೆಂದು ಅವರು ತೋರಿಸಿಕೊಟ್ಟರು. ಅನಕಾವೋನಾವನ್ನು ಆ ಸಾಲಿಗೆ ಸೇರಿಸಿದರೆ ಗ್ರಾಸಿಯೇಲಾ ಈ ಸಂಗೀತಕ್ಕೆ ತಡವಾಗಿ ಬಂದ ಅತಿಥಿಯಾಗಿ ಉಳಿಯುವುದಿಲ್ಲ. ಕೀಟಲೆಯ ‘ಸೀ ಸೀ ನೋ ನೋ’ ಹಾಡಿದವರು ಎಂಬಷ್ಟಕ್ಕೆ ಅವರನ್ನು ಮುಗಿಸುವವರು 1965ರ ಬೊಲೇರೊಗಳ ಸಂಪುಟ ‘ಇಂತಿಮೊ ಇ ಸೆಂತಿಮೆಂತಾಲ್’ ಕೇಳಲಿ. ತೊಂಬತ್ತರ ಹೊಸ್ತಿಲಲ್ಲಿ ಕೊಂಗಾ ವಾದಕ ಕಾಂದಿದೊ ಕಮೇರೊ ಜೊತೆ ಹಾಡಿದ 2004ರ ‘ಇನೊಲ್ವಿದಾಬ್ಲೆ’ಯನ್ನೂ ಕೇಳಲಿ.

ಗಾಟ್ಲೀಬ್ ಚಿತ್ರಗಳು ಸಾರ್ವಜನಿಕ ಸ್ವತ್ತಾದದ್ದು 2010ರ ಫೆಬ್ರವರಿಯಲ್ಲಿ, ಗ್ರಾಸಿಯೇಲಾ ತೀರಿಕೊಂಡದ್ದು ಅದೇ ವರ್ಷದ ಏಪ್ರಿಲ್ 7ರಂದು. ಚಿತ್ರ ಎಲ್ಲರ ಕೈಗೆ ಸಿಕ್ಕಂತೆ ಅದರ ತಲೆಬರಹದ ತಪ್ಪೂ ಹರಡಿತು, ತಿದ್ದುವ ಹಕ್ಕಿದ್ದ ಆಕೆ ಇರಲಿಲ್ಲ. ಸ್ಮಿತ್‌ಸೋನಿಯನ್ ಸಂಸ್ಥೆಯ ಜಾಝ್ ಮೌಖಿಕ ಇತಿಹಾಸ ಯೋಜನೆಗೆ ಆಕೆ ಕೊಟ್ಟ ಸಂದರ್ಶನ ಉಳಿದಿದೆ. ಇನ್ನು ಮುಂದೆ ಈ ಚಿತ್ರವನ್ನು ಅಚ್ಚು ಹಾಕುವವರು ಆ ಸಂದರ್ಶನವನ್ನು ಮೊದಲು ಓದಿ, ಅಡಿಯಲ್ಲಿ ‘ಗ್ರಾಸಿಯೇಲಾ ಪೆರೆಸ್, ಗಾಯನ ಮತ್ತು ಕ್ಲಾವೇಸ್’ ಎಂದು ಬರೆಯಬೇಕು. ವೃಂದದ ಧ್ವನಿಮುದ್ರಿಕೆಗಳ ಪಟ್ಟಿ ಮಾಡುವವರು ತಾಳವಾದ್ಯಗಳ ಸಾಲಿನಲ್ಲಿ ಆಕೆಯ ಹೆಸರು ಎಲ್ಲೆಲ್ಲಿ ಬಿಟ್ಟುಹೋಗಿದೆಯೆಂದು ಒಂದೊಂದಾಗಿ ಕೇಳಿ ಗುರುತಿಸಬೇಕು.