ಮನೆತನದಲ್ಲಿ ಯಾರಿಗಾದರೂ ಇತ್ತಾ?

ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಶನಿವಾರ ಹನ್ನೊಂದಕ್ಕೆ. ಬುಕ್ ಮಾಡಿದ ಮೇಲೆ ಕ್ಲಿನಿಕ್ಕಿನವರು ವಾಟ್ಸಾಪಿನಲ್ಲಿ ಒಂದು ಫಾರಂ ಕಳಿಸಿದರು. ತೊಂದರೆ ಯಾವಾಗಿಂದ, ನಿದ್ದೆ ಹೇಗಿದೆ, ಬೇರೆ ಯಾವ ಮಾತ್ರೆ ತಗೋತಿದ್ದೀರಿ, ಕುಡಿಯೋದು ಸೇದೋದು ಇದೆಯಾ. ಇದನ್ನೆಲ್ಲ ಹೇಗೋ ತುಂಬಿದೆ. ಕೊನೆಯ ಪ್ರಶ್ನೆ ಬಂದಾಗ ಕೈ ನಿಂತಿತು. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ?

'ಇಲ್ಲ' ಅಂತ ಒತ್ತಬಹುದಿತ್ತು. ಆದರೆ ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

"ಈಗ್ಯಾಕೇ ಅದೆಲ್ಲ?" ಅಂದಳು. ಡಾಕ್ಟರಿಗೆ ಬೇಕು ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಕುಕ್ಕರ್ ಸದ್ದು ಮಾತ್ರ ಬಂತು. ಆಮೇಲೆ ಹೇಳಿದಳು: "ನಮ್ಮ ಚಿಕ್ಕಪ್ಪ ಇದ್ರಲ್ಲ, ತಿಪಟೂರಲ್ಲಿ... ಅವರನ್ನ ಒಂದ್ಸಲ ಬೆಂಗಳೂರಿಗೆ ಕರ್ಕೊಂಡು ಹೋಗಿದ್ರು. ಹುಚ್ಚಾಸ್ಪತ್ರೆಗೆ."

ಅದು 1968. ಅಮ್ಮನಿಗೆ ಆಗ ಒಂಬತ್ತು ವರ್ಷ. ಮಕ್ಕಳಿಗೆಲ್ಲ 'ಚಿಕ್ಕಪ್ಪ ಕೆಲಸದ ಮೇಲೆ ಹೋಗಿದ್ದಾರೆ' ಅಂತ ಹೇಳಿದ್ದರಂತೆ.

ಅಮ್ಮ 'ಹುಚ್ಚಾಸ್ಪತ್ರೆ' ಅಂದಳಲ್ಲ, ಆ ಜಾಗಕ್ಕೆ ಎಷ್ಟು ಹೆಸರು ಬದಲಾಗಿವೆ ನೋಡಿ. 1847ರಲ್ಲಿ ಶುರುವಾದಾಗ ಅದು ಬೆಂಗಳೂರು ಲೂನಟಿಕ್ ಅಸೈಲಮ್. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮೆಂಟಲ್ ಹಾಸ್ಪಿಟಲ್ ಎಂದು ಕರೆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರ ಡಿಸೆಂಬರ್ 27ರಂದು ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾದ ಪ್ರತಿ ಸಲವೂ ಹಳೆಯ ಕಳಂಕ ಕಳೆಯಲಿ ಎಂಬ ಆಸೆ ಇದ್ದಿರಬೇಕು. ನಾವೋ, ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ನಿಂತು 'ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು' ಅಂತ ನಗ್ತೀವಿ. ನಾನೂ ನಕ್ಕಿದ್ದೇನೆ.

ಆ ಕಾಲದಲ್ಲಿ ಅಲ್ಲಿಗೆ ಸೇರೋದು ಹೇಗೆ ಅಂತ ಹುಡುಕುತ್ತಾ ಹೋದೆ. ಆಗ ನಡೆಯುತ್ತಿದ್ದದ್ದು 1912ರ ಇಂಡಿಯನ್ ಲೂನಸಿ ಆ್ಯಕ್ಟ್. ತಾನಾಗಿ ಬಂದು ಸೇರಿಕೊಳ್ಳಲು ಅದರಲ್ಲಿ ಒಂದು ಸಣ್ಣ ದಾರಿ ಇತ್ತು. ಹೆದ್ದಾರಿ ಮಾತ್ರ ಕೋರ್ಟಿನ ಮೂಲಕ. ಮನೆಯವರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು, ಇಬ್ಬರು ವೈದ್ಯರ ಸರ್ಟಿಫಿಕೇಟ್ ಲಗತ್ತಿಸಬೇಕು, ಆಮೇಲೆ ಮ್ಯಾಜಿಸ್ಟ್ರೇಟ್ 'ರಿಸೆಪ್ಷನ್ ಆರ್ಡರ್' ಬರೆಯಬೇಕು. ಇವತ್ತು ನಮಗೆ ರಿಸೆಪ್ಷನ್ ಅಂದ್ರೆ ಟೋಕನ್ ಕೊಡುವ ಟೇಬಲ್ಲು. ಅಂದು ಅದು ಒಬ್ಬ ಮನುಷ್ಯನನ್ನು ಒಳಗೆ ತೆಗೆದುಕೊಳ್ಳಲು ಕೊಡುವ ಹುಕುಂ.

ಆ ವೈದ್ಯರ ಸರ್ಟಿಫಿಕೇಟಿನ ನಮೂನೆ ಕಾಯ್ದೆಯ ಜೊತೆಗೇ ಅಚ್ಚಾಗಿದೆ. ಅದರಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು, ಹುಚ್ಚನ್ನು ಸೂಚಿಸುವಂತೆ ವೈದ್ಯರು ಸ್ವತಃ ಕಂಡ ಸಂಗತಿಗಳು. ಇನ್ನೊಂದು, ಬೇರೆಯವರು ಅವರಿಗೆ ತಿಳಿಸಿದ ಸಂಗತಿಗಳು. ಮೂರನೆಯದು ಇದೆಯಾ ಅಂತ ಹುಡುಕಿದೆ. ಆ ಮನುಷ್ಯನೇ ತನ್ನ ಬಗ್ಗೆ ಹೇಳಿಕೊಳ್ಳೋದಕ್ಕೆ ಬೇರೆ ಜಾಗ ಇರಲಿಲ್ಲ. ಅವನ ಮಾತು ಬಂದರೂ ಮೊದಲ ಭಾಗದಲ್ಲಿ, ಲಕ್ಷಣವಾಗಿ ಬರಬೇಕು.

ಹಾಗಂತ ಎಲ್ಲ ಡಾಕ್ಟರುಗಳೂ ಕೇಳಿಸಿಕೊಳ್ಳದೆ ಕೂತಿದ್ದರು ಅಂತಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೆಲಸ ಮಾಡಿದ ಅಡಾಲ್ಫ್ ಮೇಯರ್ ಎಂಬ ಮನೋವೈದ್ಯ 1919ರಲ್ಲಿ 'ಲೈಫ್ ಚಾರ್ಟ್' ಬಗ್ಗೆ ಬರೆದ. ಕಾಯಿಲೆಯ ಹೆಸರು ಹುಡುಕುವ ಮುಂಚೆ ಆ ಮನುಷ್ಯನ ಬದುಕನ್ನೇ ಹುಟ್ಟಿದ ವರ್ಷದಿಂದ ಒಂದು ಹಾಳೆಯ ಮೇಲೆ ಇಡಿ ಎಂಬುದು ಅವನ ವಾದ. ವರ್ಷ, ವಯಸ್ಸು, ಪಕ್ಕದಲ್ಲಿ ಆಗ ಬಂದ ಕಾಯಿಲೆ, ಮನೆಯಲ್ಲಿ ಆದದ್ದು, ಕೆಲಸದಲ್ಲಿ ಆದದ್ದು. ನಮ್ಮಲ್ಲೇ 1950ರ ದಶಕದಲ್ಲಿ ಅಮೃತಸರದ ಮೆಂಟಲ್ ಹಾಸ್ಪಿಟಲಿನ ಡಾ. ವಿದ್ಯಾಸಾಗರ್ ಆವರಣದಲ್ಲಿ ಟೆಂಟ್ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಕಾಯಿಲೆ ಏನು ಅಂತ ಇಬ್ಬರಿಗೂ ಅರ್ಥವಾದರೆ ಮನುಷ್ಯ ಮನೆಗೆ ವಾಪಸ್ ಹೋಗಬಲ್ಲ ಎಂಬ ನಂಬಿಕೆ ಅವರದು. ಕಾನೂನಿಗೆ ಇದೆಲ್ಲ ಅರ್ಥವಾಗಲು ತುಂಬಾ ವರ್ಷ ಹಿಡಿಯಿತು. 1912ರ ಕಾಯ್ದೆಯ ಜಾಗಕ್ಕೆ 1987ರಲ್ಲಿ ಹೊಸ ಕಾಯ್ದೆಯಾಯಿತು, ಅದು ಜಾರಿಗೆ ಬಂದದ್ದು 1993ರಲ್ಲಿ.

ಮೇಯರನ ಚಾರ್ಟನ್ನು ನಾನೂ ಮಾಡಿ ನೋಡಿದೆ, ಎಕ್ಸೆಲ್‌ನಲ್ಲಿ. ಮ್ಯಾನೇಜರ್ ಬದಲಾದ ಮೇಲೆ ನನ್ನ ನಿದ್ದೆ ಕೆಟ್ಟಿತು ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದ್ದೆ. ಹಳೇ ಮೆಸೇಜುಗಳ ತಾರೀಖು ನೋಡಿ ಬರೆದಾಗ ಗೊತ್ತಾಯಿತು, ನಿದ್ದೆ ಕೆಟ್ಟಿದ್ದು ಅದಕ್ಕಿಂತ ಐದು ತಿಂಗಳು ಮುಂಚೆ. ಇನ್ನೊಂದು ಗೆರೆ ಸೆಕೆಂಡ್ ಪಿಯುಸಿಯಲ್ಲಿ ಸಿಕ್ಕಿತು: ಎರಡು ತಿಂಗಳು ಕಾಲೇಜಿಗೆ ಹೋಗಿರಲಿಲ್ಲ. ಮನೆಯಲ್ಲಿ ಅದಕ್ಕೆ 'ಟೈಫಾಯ್ಡ್' ಎಂಬ ಹೆಸರಿತ್ತು. ಜ್ವರ ಬಂದಿದ್ದು ನನಗೆ ನೆನಪಿಲ್ಲ.

ನೀವೂ ಮೊದಲ ಸಲ ಹೋಗ್ತಿದ್ದರೆ ಒಂದು ಹಾಳೆ ಮಾಡಿಕೊಳ್ಳಿ. ಎದುರಿಗೆ ಕೂತಾಗ ಅರ್ಧ ಮರೆತೇ ಹೋಗುತ್ತೆ. ನುಂಗುತ್ತಿರುವ ಮಾತ್ರೆಗಳ ಹೆಸರು ಮತ್ತು ಡೋಸ್ ಬರೀರಿ, ಥೈರಾಯ್ಡ್ ಮಾತ್ರೆ, ಆಯುರ್ವೇದದ ಲೇಹ್ಯ ಎಲ್ಲ ಸೇರಿಸಿ. ಹಳೇ ಬ್ಲಡ್ ರಿಪೋರ್ಟ್ ಇದ್ದರೆ ತಗೊಂಡು ಹೋಗಿ. ಕುಡಿಯುವ ಲೆಕ್ಕವನ್ನು ಕಮ್ಮಿ ಮಾಡಬೇಡಿ. 'ಇವತ್ತು ಯಾವ ವಾರ, ನೂರರಿಂದ ಏಳು ಕಳೀತಾ ಹೋಗಿ' ಅಂತ ಕೇಳಿದರೆ ಬೇಜಾರಾಗಬೇಡಿ, ಅದು ಪರೀಕ್ಷೆಯ ಒಂದು ಭಾಗ. ಸಾಯಬೇಕು ಅನ್ನಿಸ್ತಿದ್ದರೆ ಶನಿವಾರದವರೆಗೆ ಕಾಯಲೇಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಅಥವಾ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ.

ಈಗಿನದು 2017ರ ಕಾಯ್ದೆ, ಜಾರಿಗೆ ಬಂದದ್ದು 2018ರ ಮೇ 29ರಂದು. ನಿಮ್ಮ ವಿಷಯವನ್ನು ಗುಟ್ಟಾಗಿಡುವುದು ಅದರ ಪ್ರಕಾರ ಡಾಕ್ಟರ ಕರ್ತವ್ಯ. ಮುಂದೊಂದು ದಿನ ನಿರ್ಧಾರ ಮಾಡೋ ಸ್ಥಿತಿಯಲ್ಲಿ ನಾನಿರದಿದ್ದರೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಮುಂಚೆಯೇ ಬರೆದಿಡಬಹುದು. ಚಿಕ್ಕತಾತನ ಕಾಗದದಲ್ಲಿ ಇರದಿದ್ದ ಮೂರನೇ ಭಾಗ ಇದು.

ಅಂದ ಹಾಗೆ, ಅಮ್ಮ ಪೂರ್ತಿ ಹೇಳಿರಲಿಲ್ಲ. ರಾತ್ರಿ ಅವಳೇ ಫೋನ್ ಮಾಡಿದಳು. ಚಿಕ್ಕತಾತ ಎಂಟು ತಿಂಗಳಿಗೆ ವಾಪಸ್ ಬಂದರಂತೆ. ಆಮೇಲೆ ಇಪ್ಪತ್ತಾರು ವರ್ಷ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದರಂತೆ. ನನಗೆ ಅವರ ನೆನಪಿರೋದೂ ಹಾಗೇ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಶಾಂತ ಮನುಷ್ಯ.

"ದಿನಾ ರಾತ್ರಿ ಒಂದು ಮಾತ್ರೆ ತಗೋತಿದ್ರು. ನಾವು ಬಿಪಿದು ಅಂದ್ಕೊಂಡಿದ್ವಿ."

"ಯಾವ ಮಾತ್ರೆ ಅಮ್ಮ?"

"ಯಾರು ಕೇಳಿದ್ರು ಕಣೇ."

ಕಾಯಿಲೆ ಮುಚ್ಚಿಡೋಕೆ ಹೋಗಿ ವಾಸಿಯಾಗಿದ್ದನ್ನೂ ಮುಚ್ಚಿಟ್ಟಿದ್ದರು ನಮ್ಮ ಮನೆಯವರು. ಆ ಮಾತ್ರೆಯ ಹೆಸರು ಗೊತ್ತಿದ್ದರೆ ಡಾಕ್ಟರಿಗೆ ಅದೂ ಒಂದು ಸುಳಿವಾಗುತ್ತಿತ್ತು. ಇಪ್ಪತ್ತಾರು ವರ್ಷದ ಸುಳಿವು.

ಫಾರಂ ತೆಗೆದು 'ಹೌದು' ಒತ್ತಿದೆ. ವಿವರ ಕೇಳಿದ್ದ ಕಡೆ ಬರೆದೆ: ತಾಯಿಯ ಚಿಕ್ಕಪ್ಪ, 1968, ಆಸ್ಪತ್ರೆಯಲ್ಲಿ ಎಂಟು ತಿಂಗಳು, ವಾಸಿಯಾಗಿ ಕೆಲಸಕ್ಕೆ ಹೋದರು.

"ಶನಿವಾರ ನಾನೂ ಬರ್ಲಾ?" ಅಂದಳು ಅಮ್ಮ. ಬಾ ಅಂದೆ. ಮೊದಲು ನಾನು ಮಾತಾಡ್ತೀನಿ, ಆಮೇಲೆ ನೀನು ಒಳಗೆ ಬಾ ಅಂತಲೂ ಹೇಳಿದೆ.